ಮೇಲಿನ ಹಾಸಿಗೆ ಯಾರದು

ಅರವತ್ತು ದಾಟಿದ ಇಬ್ಬರು ಹೆಂಗಸರು ಬೆನ್ನಿಗೆ ಚೀಲ ಏರಿಸಿಕೊಂಡು ಪರದೇಶ ತಿರುಗಲು ಹೊರಟರೆ ಮೊದಲ ಜಗಳ ಹತ್ತುವುದು ಪಾಸ್‌ಪೋರ್ಟಿಗೂ ಅಲ್ಲ, ಊಟಕ್ಕೂ ಅಲ್ಲ, ಕೆಳಗಿನ ಹಾಸಿಗೆಗೆ. ಹಾಸ್ಟೆಲುಗಳಲ್ಲಿ ಹಾಸಿಗೆಗಳು ರೈಲಿನ ಬರ್ತಿನ ಹಾಗೆ ಒಂದರ ಮೇಲೊಂದು ಇರುತ್ತವೆ. ಮೇಲಿನದಕ್ಕೆ ಹತ್ತಲು ಕಬ್ಬಿಣದ ಏಣಿ. ನನಗೂ ಮೊಣಕಾಲು ನೋವು, ಶಿವಲೀಲಾಳಿಗೂ ಮೊಣಕಾಲು ನೋವು. ಒಂದು ಊರಿನಲ್ಲಿ ನಾಣ್ಯ ಚಿಮ್ಮಿ ನೋಡಿದೆವು. ಇನ್ನೊಂದು ಊರಿನಲ್ಲಿ ಯಾರ ಮೊಣಕಾಲು ಜೋರಾಗಿ ಲಟಕ್ ಎನ್ನುತ್ತದೆ ಎಂದು ಕೋಣೆಯವರ ಮುಂದೆ ಕೂತು ಎದ್ದು ತೋರಿಸಿದೆವು. ಅಲ್ಲಿ ತೀರ್ಪು ಕೊಟ್ಟವಳು ನೇಪಾಳದ ಒಬ್ಬ ಹುಡುಗಿ, ಹಲ್ಲಿನ ಡಾಕ್ಟರು. ಹಲ್ಲು ಕೀಳುವವಳಿಗೆ ಮೊಣಕಾಲಿನ ವಿಚಾರ ಏನು ಗೊತ್ತು ಎಂದು, ಸೋತ ನಾನು ಎರಡು ದಿನ ಗೊಣಗಿದೆ.

ನಾವಿಬ್ಬರೂ ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಮೂವತ್ತೈದು ವರ್ಷ ಪಕ್ಕಪಕ್ಕದ ಸ್ಟೂಲು. ಕಿವಿಗೆ ಹೆಡ್‌ಫೋನು, ಎದುರಿಗೆ ತೂತುಗಳ ಬೋರ್ಡು, ಒಂದು ತೂತಿನ ವಯರು ಎಳೆದು ಇನ್ನೊಂದಕ್ಕೆ ಚುಚ್ಚಿದರೆ ಹುಬ್ಬಳ್ಳಿಯ ವ್ಯಾಪಾರಿ ಮುಂಬಯಿಯ ದಲಾಲನ ಜೊತೆ ಮಾತಾಡುತ್ತಿದ್ದ. ಮೂರು ನಿಮಿಷವಾದ ಕೂಡಲೇ ನಾವು ನಡುವೆ ಬಾಯಿ ಹಾಕಿ, 'ಮೂರು ನಿಮಿಷ ಆತ್ರಿ, ಮುಂದುವರಸ್ತೀರೇನು?' ಎಂದು ಕೇಳಬೇಕು. ಅಳುತ್ತಿದ್ದರೂ ಕೇಳಬೇಕು, ನಗುತ್ತಿದ್ದರೂ ಕೇಳಬೇಕು. ನನ್ನ ಹೆಸರು ದ್ರಾಕ್ಷಾಯಣಿ. ಎಕ್ಸ್‌ಚೇಂಜಿನಲ್ಲಿ ಎಲ್ಲರೂ ದ್ರಾಕ್ಷಿ ಎನ್ನುತ್ತಿದ್ದರು. ಈಗ ಒಣದ್ರಾಕ್ಷಿ ಎಂದು ಕರೆಯುವ ಧೈರ್ಯ ಇರುವುದು ಲೀಲಾ ಒಬ್ಬಳಿಗೇ.

ನನ್ನ ಗಂಡ ಹೋಗಿ ನಾಲ್ಕು ವರ್ಷವಾಗಿತ್ತು. ಲೀಲಾ ಮದುವೆಯೇ ಆದವಳಲ್ಲ. "ಇಷ್ಟ ವರ್ಷ ಎಲ್ಲಾ ಊರಿಗೂ ಲೈನ್ ಕೊಟ್ಟಿವಿ, ಒಂದ ಊರನ್ನೂ ಕಣ್ಣಿಲೆ ನೋಡಲಿಲ್ಲ. ನಡಿ," ಎಂದು ಅವಳು ಒಂದು ದಿನ ಅಂದಳು. ನಾನು ನಡೆದೆ. ನಮ್ಮ ಇಂಗ್ಲಿಷು ಎಕ್ಸ್‌ಚೇಂಜಿನ ಇಂಗ್ಲಿಷು. ಹೋಲ್ಡ್ ಆನ್, ಲೈನ್ ಬಿಜಿ, ಸ್ಪೀಕ್ ಲೌಡ್ಲಿ, ಎಸ್ ಪ್ಲೀಸ್. ಈ ನಾಲ್ಕರಲ್ಲಿ ಅರ್ಧ ಪ್ರಪಂಚ ಸುತ್ತಬಹುದು ಎಂದು ನನಗೆ ಆಮೇಲೆ ಗೊತ್ತಾಯಿತು. ಹಾಸ್ಟೆಲಿನ ಜನ ವಿಚಿತ್ರ. ಮೊದಲ ಸಂಜೆಯೇ ಹೆಂಡತಿ ಬಿಟ್ಟು ಹೋದದ್ದು, ಅಪ್ಪನ ಜೊತೆ ಮಾತು ನಿಂತದ್ದು ಎಲ್ಲವನ್ನೂ ಹೇಳಿಬಿಡುತ್ತಾರೆ. ಹೆಸರು ಹೇಳುವುದನ್ನು ಮಾತ್ರ ಮರೆತಿರುತ್ತಾರೆ. ಬೆಳಿಗ್ಗೆ ನೋಡಿದರೆ ಹಾಸಿಗೆ ಖಾಲಿ. ಜನ್ಮದಲ್ಲಿ ಮತ್ತೆ ಸಿಗದವರ ಮುಂದೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದು ನನಗೂ ಅಂಟಿತು, ಅದರಿಂದಲೇ ಕೆಟ್ಟೆ.

ಆ ಊರಿನ ಹೆಸರು ಹೇಳೋಣವೆಂದರೆ ನನಗೆ ಗೊತ್ತಿಲ್ಲ. ಕಂಡಕ್ಟರು ಟಿಕೆಟ್ಟಿನಲ್ಲಿ ಸರಿಯಾಗಿ ಊರಿನ ಹೆಸರಿನ ಮೇಲೆಯೇ ತೂತು ಹೊಡೆದಿದ್ದ. ಒಂದು ಹೊಳೆ, ಹೊಳೆಗೆ ಕಲ್ಲಿನ ಸೇತುವೆ, ಸೇತುವೆ ದಾಟಿದರೆ ಹಸಿರು ಬಾಗಿಲಿನ ಮೂರಂತಸ್ತಿನ ಹಾಸ್ಟೆಲು. ಅದನ್ನು ನಡೆಸುವವಳು ಬೆರ್ಟಾ ಎಂಬ ಎತ್ತರದ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು, ಮುಖದಲ್ಲಿ ನಗು ಕಡಿಮೆ. ನಮ್ಮ ಪಾಸ್‌ಪೋರ್ಟು ನೋಡಿ, ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, ಅವಳು ಒಂದು ಉದ್ದನೆಯ ಮಾತು ಹೇಳಿದಳು. ಅದರಲ್ಲಿ ಸೇತುವೆ ಎಂಬುದು ಮಾತ್ರ ನನಗೆ ತಿಳಿಯಿತು. ಲೈನು ಸ್ಪಷ್ಟವಿಲ್ಲದಿದ್ದಾಗ ಆಪರೇಟರು ಏನು ಮಾಡುತ್ತಾಳೋ ಅದನ್ನೇ ನಾವಿಬ್ಬರೂ ಮಾಡಿದೆವು. ಒಟ್ಟಿಗೆ "ಎಸ್ ಪ್ಲೀಸ್" ಎಂದೆವು.

ಆ ದಿನ ನಾಣ್ಯದಲ್ಲಿ ಲೀಲಾ ಗೆದ್ದಳು. ಸಂಜೆ ಏಳಕ್ಕೇ ಕೆಳಗಿನ ಹಾಸಿಗೆಯಲ್ಲಿ ಕಾಲು ಚಾಚಿದಳು. ನಾನು ಸಿಟ್ಟಿನಿಂದ ಕೆಳಗೆ ಊಟದ ಮನೆಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೆ. ಎದುರಿಗೆ ಎಮ್ರೆ ಎಂಬ ಹಡಗಿನ ಅಡುಗೆಯವನು ಆಲೂಗಡ್ಡೆ ಸುಲಿಯುತ್ತಿದ್ದ. ರಜೆಯಲ್ಲಿದ್ದರೂ ಸುಮ್ಮನೆ ಕೂರಲು ಬರುವುದಿಲ್ಲ ಅಂದ. ನಾನೂ ಒಂದು ಚಾಕು ತೆಗೆದುಕೊಂಡೆ. ಬೆಳಿಗ್ಗೆ ಐದರ ಬಸ್ಸಿಗೆ ಹೊರಡುವವನು ಅವನು. ನಮ್ಮಿಬ್ಬರ ಮೂವತ್ತೈದು ವರ್ಷದ ಕಥೆ ಕೇಳಿ, "ನಾನು ಹಡಗಿನಲ್ಲಿ ಮೂರು ತಿಂಗಳಿಗೇ ಒಬ್ಬರ ಮುಖ ಒಬ್ಬರು ನೋಡಲಾರದವರನ್ನು ಕಂಡಿದ್ದೇನೆ. ನೀವಿಬ್ಬರು ಇಷ್ಟು ವರ್ಷ ಹೇಗೆ ಬೇರೆಯಾಗಲಿಲ್ಲ?" ಎಂದು ಕೇಳಿದ.

ಮಾಮೂಲಿ ಪ್ರಶ್ನೆ. ನಕ್ಕು ಬಿಡಬಹುದಿತ್ತು. ಆದರೆ ಕೈಯಲ್ಲಿ ಆಲೂಗಡ್ಡೆ ಇತ್ತು, ಎದುರಿಗೆ ಮತ್ತೆ ಸಿಗದ ಮನುಷ್ಯನಿದ್ದ. "ಅವಳು ಬೇರೆಯಾಗುವವಳೇ ಇದ್ದಳು, ನಾನೇ ತಪ್ಪಿಸಿದೆ," ಎಂದುಬಿಟ್ಟೆ.

ಮೂವತ್ತಾರು ವರ್ಷ ಯಾರಿಗೂ ಹೇಳದಿದ್ದದ್ದು ಅದು. ಸೋಲಾಪುರದ ಗಿರಣಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದ ಮಲ್ಲಿನಾಥ ಎಂಬವನಿಗೂ ಲೀಲಾಳಿಗೂ ಮನಸ್ಸು ಕೂಡಿತ್ತು. ಮನೆಯವರ ಜೊತೆ ಮಾತಾಡಿ, ಸೋಮವಾರದಿಂದ ಬುಧವಾರದೊಳಗೆ ಒಂದು ಸಂಜೆ ಫೋನು ಮಾಡುತ್ತೇನೆ, ನೀನು ಹೂಂ ಎಂದರೆ ಮರುದಿನವೇ ಬರುತ್ತೇವೆ ಎಂದಿದ್ದ. ಎಕ್ಸ್‌ಚೇಂಜಿನಲ್ಲಿ ಕೂತು ಮಾತಾಡಿದರೆ ನಾವೆಲ್ಲ ಕೇಳಿಬಿಡುತ್ತೇವೆಂದು ಅವಳು ಮೂರು ದಿನ ರಜೆ ಹಾಕಿ ಪಕ್ಕದ ಡಾಕ್ಟರ ಮನೆಯ ಫೋನಿನ ಮುಂದೆ ಕೂತಿದ್ದಳು. ಅವನು ಬುಕ್ ಮಾಡಿದ್ದು ಪಿ.ಪಿ. ಕಾಲ್. ಅಂದರೆ ಹೆಸರು ಹೇಳಿದ ವ್ಯಕ್ತಿಯೇ ಬಂದು ಫೋನು ಹಿಡಿಯಬೇಕು, ಇಲ್ಲದಿದ್ದರೆ ಆಪರೇಟರು ಆ ವ್ಯಕ್ತಿ ಇಲ್ಲ ಎಂದು ತಿಳಿಸಿ ಕಾಲು ರದ್ದು ಮಾಡುತ್ತಾಳೆ. ಎಮ್ರೆಗೆ ಇದು ಅರ್ಥವಾಗದೆ ಮೂರು ಸಲ ಬಿಡಿಸಿ ಹೇಳಬೇಕಾಯಿತು. ಮೂರು ಸಂಜೆಯೂ ಆ ಕಾಲು ಬಂದದ್ದು ನನ್ನ ಬೋರ್ಡಿಗೆ. ಮೂರು ಸಂಜೆಯೂ ನಾನು ಡಾಕ್ಟರ ಮನೆಗೆ ಲೈನು ಕೊಡಲೇ ಇಲ್ಲ. 'ಪಾರ್ಟಿ ಇಲ್ರಿ,' ಎಂದೆ. ಯಾಕೆಂದರೆ ಪಕ್ಕದ ಸ್ಟೂಲು ಖಾಲಿಯಾದರೆ ನಾನು ಯಾರ ಜೊತೆ ಚಹಾ ಕುಡಿಯಲಿ ಎನಿಸಿತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಇದ್ದಿದ್ದರೆ ಹೇಳುತ್ತಿದ್ದೆ. ಮರುವರ್ಷ ನನ್ನ ಮದುವೆಯಾಯಿತು. ನನಗೆ ಅರಿಶಿನ ಹಚ್ಚಿದವಳು ಲೀಲಾ.

ಎಮ್ರೆ ಆಲೂಗಡ್ಡೆಯ ಪಾತ್ರೆ ಎತ್ತಿಕೊಂಡು, "ಹಡಗಿನಲ್ಲಾದರೆ ನಿನ್ನನ್ನು ನೀರಿಗೆ ಹಾಕುತ್ತಿದ್ದರು," ಎಂದು ಹೇಳಿ ಒಲೆಯ ಕಡೆ ಹೋದ. ನನಗೆ ಮನಸ್ಸು ಹಗುರಾಗಿ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಚಹಾದ ನೀರಿಗೆಂದು ಒಲೆಯ ಹತ್ತಿರ ಹೋಗಿ ನಿಂತೆ. ನಿಂತ ಕೂಡಲೇ ನನ್ನ ಕಿವಿಯ ಪಕ್ಕದಲ್ಲಿ ಲೀಲಾಳ ದನಿ ಗಟ್ಟಿಯಾಗಿ ಹೇಳಿತು: "ಈ ಒಣದ್ರಾಕ್ಷಿ ಗೊರಕಿ ಹೊಡಿಯೂದು ಕೇಳಿದ್ರ ಗೂಡ್ಸ್ ಗಾಡಿ ನಾಚಬೇಕು. ಮೊಣಕಾಲ ನೋವಂತ, ಮೊಣಕಾಲ! ರಾತ್ರಿ ಎರಡ ಸಲ ಏಣಿ ಇಳದು ಬಿಸ್ಕೀಟ ತಿಂತಾಳ, ಆವಾಗ ಎಲ್ಲಿ ಹೋಗಿರತೈತಿ ನೋವು?"

ತಿರುಗಿ ನೋಡಿದೆ. ಲೀಲಾ ದೂರದ ಮೇಜಿನಲ್ಲಿ ಬ್ರೆಡ್ಡಿನ ಮೇಲೆ ಊರಿನಿಂದ ತಂದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿಕೊಂಡು ತಿನ್ನುತ್ತಿದ್ದಳು. ಬಾಯಿ ತುಂಬ ಬ್ರೆಡ್ಡು. ಅವಳ ಕಣ್ಣುಗಳು ಅರಳಿದ್ದವು. ನಿನ್ನೆ ಮಧ್ಯಾಹ್ನ ಅದೇ ಒಲೆಯ ಹತ್ತಿರ ಬಿಸಿನೀರು ಹಿಡಿಯುವಾಗ ಅವಳು ತನ್ನಷ್ಟಕ್ಕೆ ಗೊಣಗಿದ ಮಾತುಗಳು ಅವು. ಉಳಿದವರು ಯಾರೂ ತಲೆ ಎತ್ತಲಿಲ್ಲ. ಮೂಲೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತಿದ್ದ ಒಬ್ಬ ಮುದುಕ ಮಾತ್ರ ಮರ್ಯಾದೆಗೆಂದು ಅದರ ದನಿ ತಗ್ಗಿಸಿದ್ದ, ಮಾತು ಮುಗಿದ ಮೇಲೆ ಮತ್ತೆ ಏರಿಸಿದ.

"ಬಂದ ದಿನವೇ ಹೇಳಿದ್ದೆನಲ್ಲ," ಎಂದಳು ಬೆರ್ಟಾ, ಈ ಸಲ ಬೇಜಾರಿನಿಂದ ಒಂದೊಂದೇ ಪದ ಬಿಡಿಸಿ. "ಒಬ್ಬರ ಬಗ್ಗೆ ಅವರಿಲ್ಲದಾಗ ಏನಾದರೂ ಹೇಳುವುದಿದ್ದರೆ ಸೇತುವೆಯಾಚೆ ಹೋಗಿ ಹೇಳಿ ಅಂತ. ನೀವು ಎಸ್ ಪ್ಲೀಸ್ ಅಂದಿರಿ."

ಅಲ್ಲಿನ ಪದ್ಧತಿ ಅದು. ಬೆನ್ನ ಹಿಂದೆ ಆಡಿದ ಮಾತು ಆಡಿದ ಜಾಗದಲ್ಲೇ ಉಳಿಯುತ್ತದೆ. ಮರುದಿನದಿಂದ, ಆ ಮನುಷ್ಯ ಆ ಜಾಗಕ್ಕೆ ಬಂದ ಕೂಡಲೇ, ಹೇಳಿದವರ ದನಿಯಲ್ಲೇ ಒಮ್ಮೆ ಕೇಳಿಸಿ ಮುಗಿಯುತ್ತದೆ. ಬರದಿದ್ದರೆ ಕಾಯುತ್ತದೆ. ಊರವರಿಗೆ ಇದು ಬಿಸಿಲು ಮಳೆಯಷ್ಟೇ ರೂಢಿ. ಸಂಜೆಯಾದರೆ ಸೇತುವೆಯಾಚೆಯ ಬೆಂಚುಗಳಲ್ಲಿ ಕೂರಲು ಜಾಗವಿರುವುದಿಲ್ಲ. ಪುದೀನಾ ತರುತ್ತೇವೆಂದು ಬುಟ್ಟಿ ಹಿಡಿದು ಹೋದ ಸೊಸೆಯಂದಿರು ಎರಡು ತಾಸಿನ ಮೇಲೆ ಖಾಲಿ ಬುಟ್ಟಿ, ಹಸನ್ಮುಖದಿಂದ ಮರಳುತ್ತಾರೆ. ಕ್ಷೌರದಂಗಡಿಯವನು ಕುರ್ಚಿಗೆ ಬರುವವರಿಗೆಲ್ಲ ಮೊದಲು ಕಿವಿಗೆ ಹತ್ತಿ ಕೊಡುತ್ತಾನೆ. ಶಾಲೆಯ ಟೀಚರು ಲೆಕ್ಕದಲ್ಲಿ ಹಿಂದಿರುವ ಹುಡುಗಿಯ ಬೆಂಚಿನ ಹತ್ತಿರ ಸಂಜೆ ನಿಂತು ಅವಳನ್ನು ಹೊಗಳಿ ಹೋಗುತ್ತಾಳೆ. ಬೆರ್ಟಾಳ ಗಂಡ ಎದುರಿಗೆ ಎರಡು ಮಾತಾಡದವನು, ದಿನಾ ಕೆಲಸಕ್ಕೆ ಹೋಗುವ ಮೊದಲು ಒಲೆಯ ಮುಂದೆ ಏನೋ ಹೇಳಿ ಹೋಗುತ್ತಾನೆ. ಹಾಗಾಗಿ ಅವಳಿಗೆ ಮೊನ್ನೆಯ ಸಾರು ಚೆನ್ನಾಗಿತ್ತು ಎಂಬುದು ಇವತ್ತು ಗೊತ್ತಾಗುತ್ತದೆ.

ಲೀಲಾ ಬ್ರೆಡ್ಡು ನುಂಗಿ ಬಿದ್ದು ಬಿದ್ದು ನಕ್ಕಳು. "ಕೇಳಿಸ್ತಲ್ಲ? ಛಲೋ ಆತು. ಎದುರಿಗೆ ಹೇಳಾಕ ನಂಗ ಬಾಯಿ ಬರ್ತಿದ್ದಿಲ್ಲ."

ನಾನೂ ನಗಲು ಹೋದೆ. ಅಷ್ಟರಲ್ಲಿ ನಿನ್ನೆ ಸಂಜೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಎಮ್ರೆಗೆ ಹೇಳಿದ್ದು ನೆನಪಾಯಿತು. ಲೀಲಾ ಲೋಟ ಹಿಡಿದು ಎದ್ದಿದ್ದಳು. ಕಿಟಕಿಯ ಕಡೆ ನೋಡಿ, "ಅಲ್ಲಿ ಬಿಸಲು ಭಾಳ ಛಂದ ಬಿದ್ದೈತಿ, ಮೊಣಕಾಲಿಗೆ ಕಾವು ಕೊಡೂಣು," ಎಂದು ಆ ಕುರ್ಚಿಯತ್ತ ಹೊರಟಳು.

ನಾನು ಓಡಿದೆ. ಎರಡು ಬೆಂಚು ದಾಟಿ, ಒಬ್ಬರ ಬ್ಯಾಗು ಹಾರಿ, ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿ ಧೊಪ್ಪನೆ ಕೂತೆ. ಮೊಣಕಾಲು ನೋವಿನವಳು ಓಡಿದ್ದನ್ನು ಇಡೀ ಊಟದ ಮನೆ ನೋಡಿತು. ಕೆಳಗಿನ ಹಾಸಿಗೆಯ ವ್ಯಾಜ್ಯ ಆಗಲೇ ನಾನು ಸೋತಾಗಿತ್ತು.

"ಏನಾತ ನಿಂಗ?" ಎಂದಳು ಲೀಲಾ.

"ಬಿಸಲ," ಎಂದೆ. "ನಂಗೂ ಬೇಕು."

ಮಧ್ಯಾಹ್ನ ಎರಡಕ್ಕೆ ನಮ್ಮ ಬಸ್ಸು. ಏಳೂವರೆಯಿಂದ ಎರಡರವರೆಗೆ ಈ ಒಂದು ಕುರ್ಚಿ ಕಾದರೆ ಸಾಕು, ಮೂವತ್ತಾರು ವರ್ಷದ ಗುಟ್ಟು ಹೆಸರಿಲ್ಲದ ಊರಿನಲ್ಲಿ ಉಳಿದುಬಿಡುತ್ತದೆ ಎಂದು ಲೆಕ್ಕ ಹಾಕಿದೆ. ಲೀಲಾ ಊರು ನೋಡಿ ಬರುತ್ತೇನೆಂದು ಹೊರಗೆ ಹೋದಳು, ಆದರೆ ಅರ್ಧ ತಾಸಿಗೊಮ್ಮೆ ಮರಳಿ ಬಂದು ಇಣುಕಿದಳು. ಒಮ್ಮೆ ಬಂದಾಗ ಈ ಕುರ್ಚಿಯಲ್ಲಿ ತಿಗಣೆ ಇವೆ, ನೀನು ಕೂರಬೇಡ ಎಂದೆ. ಅದನ್ನು ಬೆರ್ಟಾ ಕೇಳಿಸಿಕೊಂಡು, ನನ್ನನ್ನು ಎಬ್ಬಿಸಿ, ಕುರ್ಚಿಯನ್ನು ಅಂಗಳಕ್ಕೆ ಒಯ್ದು, ಬಡಿದು, ಕುದಿಯುವ ನೀರು ಹೊಯ್ದು, ಒಂದೂ ತಿಗಣೆ ಇಲ್ಲವೆಂದು ತಂದು ತೋರಿಸಿದಳು. ಅಷ್ಟು ಹೊತ್ತೂ ನಾನು ಆ ಜಾಗದಲ್ಲಿ ಕಂಬದ ಹಾಗೆ ನಿಂತಿದ್ದೆ. ಆಮೇಲೆ ಯಾರೂ ಇಲ್ಲದಾಗ ಕುರ್ಚಿಯನ್ನು ಮೆಲ್ಲಗೆ ಮಹಡಿಯ ಮೆಟ್ಟಿಲಿನತ್ತ ತಳ್ಳಿದೆ. ಬೆರ್ಟಾ ಪಾತ್ರೆ ಒರೆಸುತ್ತಲೇ, "ಮಾತು ಕುರ್ಚಿಯಲ್ಲಿಲ್ಲ, ಜಾಗದಲ್ಲಿದೆ," ಎಂದಳು. ಸುಮ್ಮನೆ ತಂದು ಮತ್ತೆ ಅಲ್ಲೇ ಇಟ್ಟು ಕೂತೆ. ಮೂರು ಲೋಟ ಚಹಾ ಕುಡಿದಿದ್ದೆ. ಬಚ್ಚಲಿಗೆ ಹೋಗುವಂತಿರಲಿಲ್ಲ. ಆ ಸಂಕಟ ವರ್ಣಿಸುವುದು ಬೇಡ.

ಹತ್ತು ಗಂಟೆಯ ಹೊತ್ತಿಗೆ ನನ್ನ ಎದುರಿಗೆ ಸಿಲ್ವಿ ಎಂಬ ಹೆಂಗಸು ಬಂದು ಕೂತಳು. ಐವತ್ತರ ಹತ್ತಿರದವಳು, ಮೊಣಕೈಯಲ್ಲಿ ಒಂದು ಹೊಸ ಟವೆಲು ಮಡಚಿ ಹಿಡಿದುಕೊಂಡಿದ್ದಳು. ಬೆಳಿಗ್ಗೆಯಿಂದ ಅವಳು ಒಂದೊಂದೇ ಕುರ್ಚಿಗೆ ಹೋಗಿ ಐದೈದು ನಿಮಿಷ ಕೂರುವುದನ್ನು ನೋಡುತ್ತಿದ್ದೆ. ಹತ್ತೊಂಬತ್ತು ವರ್ಷದ ಹಿಂದೆ ಇದೇ ಹಾಸ್ಟೆಲಿನಲ್ಲಿ ಏಳು ಜನ ತಿರುಗಾಡಿಗಳು ಕೂಡಿ ಒಂದು ತಿಂಗಳು ಕಳೆದಿದ್ದರಂತೆ. ಅವಳ ಜೀವನದ ಅತಿ ಒಳ್ಳೆಯ ತಿಂಗಳು ಅದು. ಅವಳೇ ಮೊದಲು ಹೊರಟವಳು. ತಾನು ಹೋದ ಮೇಲೆ ಅವರು ತನ್ನ ಬಗ್ಗೆ ಏನು ಅಂದುಕೊಂಡರು ಎಂದು ಕೇಳಲು ಇಷ್ಟು ದೂರ ಬಂದಿದ್ದಳು. ಪ್ರತಿ ಬೇಸಿಗೆಯಲ್ಲೂ ಇಂಥವರು ಇಬ್ಬರು ಮೂವರು ಬರುತ್ತಾರೆ ಎಂದು ಬೆರ್ಟಾ ಹೇಳಿದಳು.

"ಸಿಕ್ಕಿತೇ?" ಎಂದು ಕೇಳಿದೆ.

"ಒಂದು ಸಿಕ್ಕಿತು," ಎಂದಳು. "ಅಗ್ಗಿಷ್ಟಿಕೆಯ ಹತ್ತಿರ. ಆ ಉದ್ದ ಜಡೆಯವಳು ನನ್ನ ಟವೆಲು ಒಯ್ದಳು ಅಂತ. ಆಗ ಉದ್ದ ಜಡೆ ಇದ್ದದ್ದು ನನಗೇ." ಅವಳು ನಕ್ಕಳು, ಆಮೇಲೆ ಮೂಗು ಒರೆಸಿಕೊಂಡಳು. "ಬೇರೆ ಏನೂ ಇಲ್ಲ. ಎಲ್ಲ ಕುರ್ಚಿಯೂ ಆಯಿತು, ನಿಮ್ಮದರಲ್ಲಿ ನೀವು ಏಳುವ ಮೊದಲೇ ಕೂತಿದ್ದೆ. ಬೈದಿದ್ದರೂ ಆಗುತ್ತಿತ್ತು. ಬೈಯುವಷ್ಟಾದರೂ ನನ್ನನ್ನು ನೆನೆದಿದ್ದರು ಎಂದಾಗುತ್ತಿತ್ತು." ನಡುವೆ ಒಮ್ಮೆ ಪೇಟೆಗೆ ಹೋಗಿ ಟವೆಲು ಕೊಂಡು ತಂದಿದ್ದಳು. ಯಾರದ್ದೆಂದು ಗೊತ್ತಿಲ್ಲದೆಯೂ ಅದನ್ನು ಬಚ್ಚಲಿನ ಹತ್ತಿರದ ಮೊಳೆಗೆ ನೇತು ಹಾಕಿದಳು.

ಒಂದೂವರೆಗೆ ಲೀಲಾ ಎರಡೂ ಚೀಲಗಳನ್ನು ಮೇಲಿನಿಂದ ತಂದು ಬಾಗಿಲ ಬಳಿ ಇಟ್ಟಳು. ನನ್ನ ಎದುರಿಗೆ ಬಂದು ನಿಂತಳು. ನಗು ಇರಲಿಲ್ಲ.

"ದ್ರಾಕ್ಷಿ, ಮೂವತ್ತೈದ ವರ್ಷ ನಿನ್ನ ಬಾಜೂಕ ಕುಂತೀನಿ. ನಿನ್ನ ಮುಖಾ ನೋಡಿದ್ರ ಯಾವ ಲೈನ್‌ನ್ಯಾಗ ಏನ್ ನಡದೈತಿ ಅನ್ನೂದು ನಂಗ ತಿಳೀತೈತಿ. ಈ ಕುರ್ಚಿ ಮ್ಯಾಲೆ ನನ್ನ ಬಗ್ಗೆ ಏನೋ ಅಂದೀ."

"ಹಂಗೇನಿಲ್ಲ."

"ಗೊರಕಿದಾ?"

ಗೊರಕೆಯದು ಎಂದುಬಿಡಬಹುದಿತ್ತು. ಅವಳೇ ದಾರಿ ತೋರಿಸಿದ್ದಳು. ಆದರೂ ಅಲ್ಲ ಎಂದು ತಲೆಯಾಡಿಸಿದೆ.

ಅವಳು ಕೈಗಡಿಯಾರ ನೋಡಿಕೊಂಡಳು. "ನಾ ನಿನ್ನ ಎಳದು ಎಬ್ಬಸೂದಿಲ್ಲ. ನೀ ಎದ್ದರ ನಾ ಕೂಡ್ತೀನಿ. ಏಳಲಿಲ್ಲಂದ್ರ ಹಿಂಗ ಬಸ್ಸಿಗೆ ಹೋಗೂಣು, ಮತ್ತ ಒಂದ ಸಲಾನೂ ಕೇಳೂದಿಲ್ಲ. ನೀ ಹೇಳು."

ಗೆದ್ದಾಗಿತ್ತು ನಾನು. ಲೀಲಾ ಕೇಳುವುದಿಲ್ಲ ಎಂದರೆ ಕೇಳುವವಳಲ್ಲ. ಕಣ್ಣು ಯಾಕೋ ಬಚ್ಚಲಿನ ಮೊಳೆಯ ಮೇಲಿದ್ದ ಆ ಹೊಸ ಟವೆಲಿನ ಕಡೆ ಹೋಯಿತು. ನಾವು ಇಬ್ಬರೂ ಸತ್ತು, ಬೆರ್ಟಾಳೂ ಸತ್ತು, ಈ ಕಿಟಕಿಯ ಹತ್ತಿರ ನನ್ನ ಮಾತು ಮಾತ್ರ ಬಾರದವಳನ್ನು ಕಾಯುತ್ತ ಕೂತಿರುವುದು ಕಣ್ಣಿಗೆ ಕಟ್ಟಿತು. ಮೂವತ್ತಾರು ವರ್ಷ ಅವಳ ಎದುರಿಗೆ ಬಾಯಿ ತೆರೆಯಲು ಆಗಿರಲಿಲ್ಲ. ಎದ್ದು ನಿಲ್ಲುವುದು ಅದಕ್ಕಿಂತ ಸುಲಭ. ಎದ್ದೆ.

ಅವಳು ಕೂತಳು. ನನ್ನ ದನಿ ಶುರುವಾಯಿತು. ನನ್ನ ದನಿ ಅಷ್ಟು ಕೀರಲು ಎಂದು ನನಗೆ ಗೊತ್ತೇ ಇರಲಿಲ್ಲ. ಆ ಹರಕು ಇಂಗ್ಲಿಷಿನಲ್ಲಿ ಸೋಲಾಪುರ ಬಂತು, ಮಲ್ಲಿನಾಥ ಬಂದ, ಡಾಕ್ಟರ ಮನೆಯ ಫೋನು ಬಂತು. ಪಿ.ಪಿ. ಕಾಲ್ ಎಂದರೇನು ಎಂಬುದು ಮೂರು ಸಲ ಬಂತು. ಜಗತ್ತಿನಲ್ಲಿ ಪಿ.ಪಿ. ಕಾಲ್ ಎಂದರೇನೆಂದು ಹೇಳಿಸಿಕೊಳ್ಳುವ ಅಗತ್ಯವೇ ಇಲ್ಲದವಳ ಮುಂದೆ ಮೂರು ಸಲ ಬಂತು. ಲೀಲಾ ಬೋರ್ಡಿನ ಮುಂದೆ ಕೂರುವ ಹಾಗೆಯೇ ತಲೆ ಸ್ವಲ್ಪ ಎಡಕ್ಕೆ ವಾಲಿಸಿ, ಕಿವಿಯ ಹತ್ತಿರ ಕೈ ಇಟ್ಟು ಕೇಳಿದಳು. ಪಾರ್ಟಿ ಇಲ್ರಿ ಎಂಬುದು ಬಂದಾಗ ಆ ಕೈ ಕೆಳಗಿಳಿಯಿತು. ಚಹಾದ ಮಾತು ಬಂತು, ಅರಿಶಿನದ ಮಾತು ಬಂತು. ಮುಗಿಯಿತು. ಮುದುಕ ರೇಡಿಯೋ ಏರಿಸಲಿಲ್ಲ.

"ನೀ ಹೊರಗ ನಡಿ," ಎಂದಳು ಲೀಲಾ.

ಬೆರ್ಟಾ ಇಂಥದ್ದನ್ನು ನೋಡಿ ಬಲ್ಲವಳು. ಎಲ್ಲರನ್ನೂ ಅಂಗಳಕ್ಕೆ ಕಳಿಸಿ ಬಾಗಿಲು ಎಳೆದುಕೊಂಡಳು. ದಪ್ಪ ಗಾಜಿನ ಕಿಟಕಿಯಾಚೆ ಲೀಲಾ ಒಬ್ಬಳೇ ಅದೇ ಕುರ್ಚಿಯಲ್ಲಿ ಕೂತು ಗೋಡೆಗೆ ಮಾತಾಡತೊಡಗಿದಳು. ತುಟಿ ಅಲುಗುವುದು ಕಾಣುತ್ತಿತ್ತು, ಕೈ ಬೀಸುವುದು ಕಾಣುತ್ತಿತ್ತು. ಒಮ್ಮೆ ಮೇಜು ಗುದ್ದಿದಳು. ಒಮ್ಮೆ ಸೆರಗಿನಿಂದ ಮುಖ ಒರೆಸಿದಳು. ಒಂದಕ್ಷರವೂ ನನಗೆ ಕೇಳಲಿಲ್ಲ. ಹೊರಗೆ ಬಂದು ತನ್ನ ಚೀಲ ಮಾತ್ರ ಬೆನ್ನಿಗೆ ಹಾಕಿಕೊಂಡಳು. ನನ್ನ ಚೀಲ ಬಿಚ್ಚಿ ಹಿಂಡಿಯ ಡಬ್ಬಿ ತೆಗೆದುಕೊಂಡಳು.

"ಎಲ್ಲಾ ಅಲ್ಲೆ ಹೇಳಿಟ್ಟೀನಿ. ನಾ ಮುಂದಿನ ಊರಿಗೆ ಹೊಂಟೆ," ಎಂದಳು. "ನಾಳೆ ಕೇಳಿಸ್ಕೊಂಡು ಏನ್ ಮಾಡ್ತೀಯೋ ಮಾಡು."

"ಲೀಲಾ, ಏನಂದೀ ಅಷ್ಟ ಹೇಳಿ ಹೋಗ."

"ಪಾರ್ಟಿ ಇಲ್ರಿ," ಎಂದು ಹೇಳಿ ಸೇತುವೆಯ ಕಡೆ ನಡೆದಳು. ಎರಡು ಗಂಟೆಯ ಬಸ್ಸು ಹೋಯಿತು.

ಆ ರಾತ್ರಿ ಕೆಳಗಿನ ಹಾಸಿಗೆ ನನ್ನದೇ. ಕಿತ್ತಾಡುವವರು ಯಾರೂ ಇರಲಿಲ್ಲ. ಮೊಣಕಾಲಿಗೆ ಸುಖವಾಗಿತ್ತು, ಉಳಿದ ಯಾವುದಕ್ಕೂ ಆಗಿರಲಿಲ್ಲ. ಬೆಳಕು ಹರಿಯುವ ಮೊದಲೇ ಕೆಳಗೆ ಬಂದು ಊಟದ ಮನೆಯ ಬಾಗಿಲಲ್ಲಿ ನಿಂತೆ, ಆದರೆ ಕಿಟಕಿಯ ಹತ್ತಿರ ಹೋಗಲಿಲ್ಲ. ಗೋಡೆಯ ಉದ್ದಕ್ಕೂ ಹೋದೆ, ಬಂದೆ. ಬೆರ್ಟಾ ಬಂದಳು, ಮುದುಕ ಬಂದ, ಬೇರೆಯವರು ಬಂದು ತಿಂಡಿಗೆ ಕೂತರು. ಕೊನೆಗೆ ಬೆರ್ಟಾ ನನ್ನ ತೋಳು ಹಿಡಿದು ಕರೆದೊಯ್ದು ಆ ಕುರ್ಚಿಯಲ್ಲಿ ಕೂರಿಸಿದಳು. ಮುದುಕ ರೇಡಿಯೋವನ್ನು ಪೂರ್ತಿ ಬಂದ್ ಮಾಡಿದ.

"ಏ ದ್ರಾಕ್ಷಿ, ಕುಂತೀ ಹೌದಲ್ಲ? ನಿನ್ನ ಬಾಯಾಗ ಮಣ್ಣ ಬೀಳಲಿ," ಎಂದು ಶುರುವಾಯಿತು. ಅಲ್ಲಿಂದ ಮುಂದೆ ನನ್ನ ತವರುಮನೆ, ಅತ್ತೆಮನೆ, ಸತ್ತ ನನ್ನ ಗಂಡ, ನಾನು ಮಾಡುವ ಉಪ್ಪಿಲ್ಲದ ಸಾರು, ಯಾವುದನ್ನೂ ಅವಳು ಬಿಡಲಿಲ್ಲ. ಗದಗಿನ ಬೈಗುಳಕ್ಕೆ ಒಂದು ಲಯವಿದೆ. ಊಟದ ಮನೆಯಲ್ಲಿ ಕನ್ನಡ ತಿಳಿದವರು ಒಬ್ಬರೂ ಇರಲಿಲ್ಲ, ಆದರೆ ಎಲ್ಲರೂ ತಲೆದೂಗಿ ಕೇಳುತ್ತಿದ್ದರು. ಆಮೇಲೆ ದನಿ ತಗ್ಗಿತು.

"ನೀ ಇವತ್ತ ಅರ್ಧಾ ದಿನಾ ಈ ಕುರ್ಚಿ ಬಿಟ್ಟ ಏಳದ ಕುಂತಿದ್ದಿ. ನಾ ಡಾಕ್ಟರ ಮನ್ಯಾಗ ಮೂರ ಸಂಜಿ ಹಂಗ ಕುಂತಿದ್ದೆ. ಡಾಕ್ಟರ ಹೇಣ್ತಿ ದಿನಾ ಚಾ ಕೊಟ್ಳು. ಮೂರನೇ ದಿನಾ ಕೊಡಲಿಲ್ಲ, ಮುಖಾ ನೋಡಿ ಅಯ್ಯೋ ಅಂದ್ಳು. ಆ ಅಯ್ಯೋ ನಂಗ ಇನ್ನೂ ಮರ್ತಿಲ್ಲ. ಆ ಮಲ್ಲಿನಾಥಗ ಎರಡ ತಿಂಗಳದಾಗ ಬ್ಯಾರೆ ಮದುವಿ ಆತಂತ ಕೇಳಿದೆ. ಹಂಗಾರ ಅಂವಂದೂ ಅಷ್ಟರಾಗ ಇತ್ತು. ಅಂವ ಸಿಕ್ಕಿದ್ರ ಸೋಲಾಪುರದಾಗ ಚಾದರ ಮಡಚಿಕೋತ ಕುಂದರ್ತಿದ್ದೆ. ಫೋನ್ ಬಂದಿದ್ರ ಹೂಂ ಅಂತಿದ್ದೆನೋ ಊಹೂಂ ಅಂತಿದ್ದೆನೋ, ನಂಗ ಇವತ್ತಿಗೂ ಗೊತ್ತಿಲ್ಲ. ಊಹೂಂ ಅಂತಿದ್ದೆ ಅನಸ್ತೈತಿ. ಆದ್ರ ಅದನ್ನ ಹೇಳೂದು ನಂದ ಇತ್ತ ದ್ರಾಕ್ಷಿ. ನಿಂದಲ್ಲ. ನಂದ."

ಇಲ್ಲಿ ಮೇಜು ಗುದ್ದಿದ ಸದ್ದು ಬಂತು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿದ ಸದ್ದು. ನಾನು ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದುಕೊಂಡಿದ್ದೆ. ಕಣ್ಣೀರು ತಾನಾಗಿ ಇಳಿಯುತ್ತಿತ್ತು.

"ಇನ್ನ ಶಿಕ್ಷಾ ಕೇಳು," ಎಂದಿತು ದನಿ, ಈಗ ಎಕ್ಸ್‌ಚೇಂಜಿನ ದನಿ. "ಇನ್ನ ಮುಂದ ಯಾವ ಊರಿಗೆ ಹೋದ್ರೂ ಮ್ಯಾಲಿನ ಹಾಸಿಗಿ ನಿಂದು. ನಾಣ್ಯ ಹಾರಸೂದಿಲ್ಲ, ಮೊಣಕಾಲ ತೋರಸೂದಿಲ್ಲ. ಸಾಯೂತನಕ ಮ್ಯಾಲಿನ ಹಾಸಿಗಿ. ಬಿಸ್ಕೀಟ ಬೇಕಾದ್ರ ಮ್ಯಾಲೆ ಇಟಗೊಂಡ ಮಲ್ಕೊ. ಎರಡರ ಬಸ್ ತಪ್ಪಸಬ್ಯಾಡ."

ಮಾತು ಮುಗಿಯಿತು. ಬೆರ್ಟಾ ಕೇಳದೆಯೇ ನನ್ನ ಮುಂದೆ ತಟ್ಟೆ ಇಟ್ಟು ಒಂದು ಮೊಟ್ಟೆ ಹಾಕಿದಳು. ನಾನು ಜೀವಮಾನದಲ್ಲಿ ಮೊಟ್ಟೆ ತಿಂದವಳಲ್ಲ. ಆ ದಿನ ತಿಂದೆ.

ಮುಂದಿನ ಊರು ಸಾದಾ ಊರು. ಅಲ್ಲಿ ಆಡಿದ ಮಾತು ಆಡಿದಲ್ಲಿಗೇ ಮುಗಿಯುತ್ತದೆ. ಕಾಯುವುದಿಲ್ಲ, ಯಾರನ್ನೂ ಹಿಡಿದು ಕೂರಿಸುವುದಿಲ್ಲ. ಸಂಜೆ ಐದಕ್ಕೆ ಹಾಸ್ಟೆಲು ಹುಡುಕಿ ಕೋಣೆಯ ಬಾಗಿಲು ತೆಗೆದೆ. ಬಿಸಿಲು ಇನ್ನೂ ಇತ್ತು. ಲೀಲಾ ಕೆಳಗಿನ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆಯಲ್ಲ, ಅವಳ ನಿದ್ದೆ ನನಗೆ ಗೊತ್ತು. ಮೇಲಿನ ಹಾಸಿಗೆಗೆ ಚಾದರ ಹಾಸಿತ್ತು. ದಿಂಬಿನ ಮೇಲೆ ಹಿಂಡಿಯ ಡಬ್ಬಿ ಇತ್ತು.

ಏಣಿಗೆ ಆರು ಮೆಟ್ಟಿಲು. ಒಂದೊಂದಕ್ಕೂ ಮೊಣಕಾಲು ಲಟಕ್ ಎಂದಿತು. ಅವಳು ಎಣಿಸುತ್ತಿದ್ದಳೆಂದು ನನ್ನ ಗುಮಾನಿ. ಹತ್ತಿ ಮಲಗಿ, ಛಾವಣಿ ನೋಡುತ್ತ ಬಾಯಿ ತೆರೆದೆ. ಮುಖ ಕಾಣದಿದ್ದರೆ ಮಾತಾಡುವುದು ನಮ್ಮಂಥವರಿಗೆ ರೂಢಿ. "ಸೋಮವಾರ ಸಂಜಿ ಆರ ಗಂಟೆಕ್ಕ ಮೊದಲನೇ ಕಾಲ್ ಬಂತು," ಎಂದು ಶುರು ಮಾಡಿದೆ. ಎಮ್ರೆಗೆ ಹೇಳದೆ ಬಿಟ್ಟದ್ದನ್ನೂ ಹೇಳಿದೆ. ಮೂರನೆಯ ದಿನ ಅವನು, ಆಕಿ ಆರಾಮ ಅದಾಳೇನ್ರಿ ಎಂದು ನನ್ನನ್ನೇ ಕೇಳಿದ್ದು, ನಾನು ಆರಾಮ ಅದಾಳ್ರಿ ಎಂದದ್ದು, ಆಮೇಲೆ ವಯರು ಕಿತ್ತು ಅರ್ಧ ತಾಸು ಕೈಯಲ್ಲಿ ಹಿಡಿದು ಕೂತದ್ದು. ಗುರುವಾರ ಅವಳು ಡ್ಯೂಟಿಗೆ ಬಂದಾಗ ಅವಳ ಕಣ್ಣು ನೋಡಲಾರದೆ ಇಡೀ ದಿನ ಬೋರ್ಡು ನೋಡಿದ್ದು. ತಪ್ಪಾಯಿತು ಎಂದೆ. ಅಂದಮೇಲೆ ಮತ್ತೆ ಅಂದೆ. ಹೇಳುತ್ತಲೇ ಹೋದೆ, ಅಳು ಬಂದು ಮಾತು ತುಂಡು ತುಂಡಾದರೂ ಹೇಳುತ್ತಲೇ ಹೋದೆ.

ನನ್ನ ಬೆನ್ನಿನ ಕೆಳಗಿನ ಹಲಗೆಗೆ ಎರಡು ಸಲ ಟಕ್ ಟಕ್ ಎಂದು ಬಡಿದ ಸದ್ದಾಯಿತು.

"ಮೂರು ನಿಮಿಷ ಆತ್ರಿ," ಎಂದಳು ಲೀಲಾ. "ಮುಂದುವರಸ್ತೀರೇನು?"

"ಮುಂದುವರಸ್ತೀನ್ರಿ," ಎಂದೆ.